ಗೌಡರ ಸೋಫಾ

೮ ಜನವರಿ, ಬುಧವಾರ

ಕಾಲೇಜಿನಲ್ಲಿ ಎರಡನೇ ತಾಸಿಗೆ ಹುಡುಗರಿಗೆ ಪದ್ಯ ಓದಿ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಛಟೀರ್ ಎಂದು ಕಪಾಳಕ್ಕೆ ಹೊಡೆದ ಸದ್ದು ಬಂತು. ಅದರ ಬೆನ್ನಿಗೇ ಒಂದು ದನಿ: "ಎಪ್ಪಾ, ನಾ ಒದ್ದಿಲ್ರಿ, ಸೋಫಾನ ನನಗ ಒದ್ದೈತಿ!" ಇಡೀ ತರಗತಿ ನಕ್ಕಿತು. ಯಾರದೋ ಫೋನಿನ ರಿಂಗ್‌ಟೋನು. ದನಿ ನನ್ನ ಅಬ್ಬಾರದು.

ಫೋನು ಒಳಗಿಡಿ ಅಂದೆ. ಯಾರ ಫೋನು ಎಂದು ಕೇಳಲಿಲ್ಲ. ಕೇಳಿದ್ದರೆ ಯಾರ ದನಿ ಎಂಬ ಮಾತೂ ಬರುತ್ತಿತ್ತು. ಅವರಿಗೆಲ್ಲ ಗೊತ್ತಿದೆ. ಗೊತ್ತಿರುವುದನ್ನು ಅವರ ಬಾಯಿಂದ ಕೇಳುವುದು ನನಗೆ ಬೇಡವಾಗಿತ್ತು. ಬಿಟ್ಟ ಸಾಲಿನಿಂದ ಮತ್ತೆ ಓದಿದೆ. ಸಾಲು ಕೆಟ್ಟುಹೋಗಿತ್ತು.

ಅಬ್ಬಾ ಇಬ್ರಾಹಿಂಸಾಬ, ಕಂಪನಿ ನಾಟಕಗಳ ಹಾಸ್ಯನಟ. ಶಂಕ್ರೆಪ್ಪ ಕಾಕಾ ಅವರ ಜೋಡಿ. ಒಂದು ಕಾಲಕ್ಕೆ ಇಂಡಿಯಿಂದ ಮುದ್ದೇಬಿಹಾಳದವರೆಗೆ ಇವರಿಬ್ಬರ ಹೆಸರು ಗೋಡೆಯ ಮೇಲೆ ಕಂಡರೆ ಸಾಕು, ಟೆಂಟು ತುಂಬುತ್ತಿತ್ತಂತೆ. ಕಾಕಾ ಗೌಡ, ಅಬ್ಬಾ ಆಳುಮಗ ಚಿಮಣ್ಯಾ. ಗೌಡ ಹೊಡೆಯುವುದು, ಚಿಮಣ್ಯಾ ಬೀಳುವುದು. ನಾಟಕ ಯಾವುದಿದ್ದರೂ ಇದು ಬದಲಾಗುತ್ತಿರಲಿಲ್ಲ. ಟೆಂಟುಗಳು ಎದ್ದುಹೋಗಿ ಎಷ್ಟೋ ಕಾಲವಾಯಿತು. ಈಗ ಎಪ್ಪತ್ತು ದಾಟಿದ ಮೇಲೆ ಇಬ್ಬರೂ ಸೇರಿ ಯೂಟ್ಯೂಬಿಗೆ ಸಣ್ಣದೊಂದು ಸಿನಿಮಾ ಮಾಡುತ್ತಿದ್ದಾರೆ. ಹೆಸರು 'ಗೌಡರ ಸೋಫಾ'. ಮದುವೆ ವಿಡಿಯೋ ತೆಗೆಯುವ ಅರುಣಕುಮಾರ ಅದರ ಡೈರೆಕ್ಟರು. ಗೌಡ ವಿಜಯಪುರದಿಂದ ದೊಡ್ಡ ಸೋಫಾ ತರಿಸುತ್ತಾನೆ. ಅವನ ಹಳೇ ವಾಡೆ ಮನೆಯ ಬಾಗಿಲು ಗಿಡ್ಡ. ಸೋಫಾ ಒಳಗೆ ಹೋಗುವುದಿಲ್ಲ. ಕಥೆ ಇಷ್ಟೇ, ಉಳಿದದ್ದೆಲ್ಲ ಹೊಡೆತ. ಅದರ ಒಂದು ತುಣುಕನ್ನು ಅರುಣಕುಮಾರ ಮೊನ್ನೆ ಹಾಕಿದ್ದಾನೆ, ನಮ್ಮ ಸಿಂದಗಿಗೆಲ್ಲ ಹಬ್ಬಿದೆ.

ಮನೆಗೆ ಬಂದಾಗ ಅಬ್ಬಾ ಅಂಗಳದಲ್ಲಿ ಮಂಚ ಎತ್ತಿ ನಿಲ್ಲಿಸಿ, ಅದರ ಕಾಲುಗಳ ನಡುವೆ ತಲೆ ತೂರಿಸಿಕೊಂಡು ನಿಂತಿದ್ದರು.

"ಸಾಲಿ ಬಿಡ್ತೇನ ಬೇಟಾ?" ಮಂಚದೊಳಗಿನಿಂದ ಕೇಳಿದರು.

"ಬಿಡ್ತ್ರಿ" ಅಂದು ಒಳಗೆ ಹೋದೆ. ಓಣಿಯ ಕಡೆಯ ಕಿಟಕಿ ಮುಚ್ಚಿದೆ.

೧೧ ಜನವರಿ, ಶನಿವಾರ

ಸ್ಟಾಫ್ ರೂಮಿನಲ್ಲಿ ಇತಿಹಾಸದ ರೇಣುಕಾ ಕೇಳಿದಳು: "ಖರೇನ ಹೊಡಿತಾರೇನ್ರಿ ಮುಬಿನ ಮೇಡಂ?"

ಇಲ್ಲ ಎಂದು ತಿಳಿಸಿ ಹೇಳಿದೆ. ಹೊಡೆಯುವವನ ಕೈ ಕೆನ್ನೆಯ ಹತ್ತಿರ ಗಾಳಿಯಲ್ಲಿ ಹಾಯುತ್ತದೆ ಅಷ್ಟೇ. ಆ ಹೊತ್ತಿಗೆ ಸರಿಯಾಗಿ ಹೊಡೆಸಿಕೊಳ್ಳುವವನು ಸೊಂಟದ ಹತ್ತಿರ ತನ್ನದೇ ಎರಡು ಕೈ ತಟ್ಟಿಕೊಳ್ಳುತ್ತಾನೆ. ಮಂದಿ ಮುಖ ನೋಡುತ್ತಿರುತ್ತಾರೆ, ಕೈ ಕಾಣುವುದಿಲ್ಲ. ಹೊಡೆತ ಒಬ್ಬನದು, ಸದ್ದು ಇನ್ನೊಬ್ಬನದು. ರೇಣುಕಾ "ಅಯ್ಯ, ಹಂಗೇನ್ರಿ" ಅಂದು ತನ್ನ ಕೈ ತಟ್ಟಿ ನೋಡಿದಳು. ಪದ್ಯದ ಬಗ್ಗೆ ಅವಳು ನನ್ನನ್ನು ಒಂದು ದಿನವೂ ಏನೂ ಕೇಳಿದವಳಲ್ಲ.

ಸಂಜೆ ಎಂದಿನಂತೆ ಕಾಕಾ ಅಬ್ಬಾರ ಜೊತೆಗೇ ಬಂದರು. ಅಬ್ಬಾ ಅಸರ್ ನಮಾಜಿಗೆ ಹೋಗುತ್ತಾರೆ, ಬರುವಾಗ ಕಾಕಾರನ್ನು ಹಿಡಿದುಕೊಂಡು ಬರುತ್ತಾರೆ. ದಿನಾ ಚಹಾ, ದಿನಾ ಅದೇ ನಗೆ. ಕಾಕಾರ ಮನೆಯಲ್ಲಿ ಚಹಾಪುಡಿ ಇಲ್ಲವೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ನಾನು ಕಪ್ಪು ಕೊಡುವಾಗ ಅಬ್ಬಾ, "ಮಾಬುಬಿ, ಸಕ್ಕರಿ ಹಾಕಿಲ್ಲೇನ?" ಎಂದರು. ಮಾಬುಬಿ ನನ್ನ ಅಮ್ಮ. ತೀರಿಹೋಗಿ ಬಹಳ ವರ್ಷವಾಯಿತು.

"ಸಾಕು ಮಾಡ್ರಿ ಅಬ್ಬಾ, ಎಲ್ಲಾದಕ್ಕೂ ಚ್ಯಾಷ್ಟಿ" ಅಂದೆ.

ಕಾಕಾ ಕಪ್ಪು ಕೆಳಗಿಟ್ಟು ಅಬ್ಬಾರ ತಲೆಗೆ ಒಂದು ಕುಟ್ಟಿದರು. "ಲೇ ಇಬ್ರಾಹಿ, ಮಗಳು ಅದಾಳಲೇ ಎದುರ, ಮುಬಿನ."

"ನನಗೇನ್ ಕಣ್ಣಿಲ್ಲೇನ ಮಗನ? ಮುಬಿನಾನ ಕೇಳಿದೆ, ನಿಮ್ಮವ್ವ ನಿನಗ ಸಕ್ಕರಿ ಹಾಕೂದು ಕಲಿಸಿಲ್ಲೇನ ಅಂತ." ಇಬ್ಬರೂ ನಕ್ಕರು. ಹಾಸ್ಯನಟನ ಮನೆಯಲ್ಲಿ ಯಾವ ಮಾತು ಮಾತು, ಯಾವುದು ಆಟ ಎಂದು ನನಗೆ ಚಿಕ್ಕಂದಿನಿಂದಲೂ ತಿಳಿದಿಲ್ಲ. ತಿಳಿದುಕೊಳ್ಳುವ ಗೋಜಿಗೂ ಹೋಗಿಲ್ಲ.

೧೯ ಜನವರಿ, ರವಿವಾರ

ಅರುಣಕುಮಾರ ಎರಡನೇ ತುಣುಕು ಹಾಕಿದ. ಮುದ್ದೇಬಿಹಾಳದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ತಮ್ಮ ತಬ್ರೇಜ ಫೋನು ಮಾಡಿದ.

"ಆಪಾ, ನೀ ಮನಿಯಾಗಿದ್ದು ಏನ್ ಮಾಡಾಕತ್ತಿ? ಗಿರಾಕಿ ಬಂದವರು ಗೊಬ್ಬರ ಕೇಳೋದು ಬಿಟ್ಟು ನಿಮ್ಮಪ್ಪನ್ನ ನೋಡ್ರಿ ಅಂತ ನನಗ ತೋರಸ್ತಾರ."

"ನಿಲ್ಲಸ್ರಿ ಅಂತ ನೀ ಹೇಳು."

"ನೀ ಅಲ್ಲೇ ಅದಿ, ನೀ ಹೇಳು."

ಇಬ್ಬರೂ ಹೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ವಿಡಿಯೋದ ಕೆಳಗೆ ಮಂದಿ ಬರೆದದ್ದನ್ನೆಲ್ಲ ಓದಿದೆ. 'ಮುದುಕಾ ಏನ್ ಬೀಳ್ತಾನಪ್ಪೋ.' 'ಗೌಡ್ರ, ಇನ್ನೊಂದು ಹಾಕ್ರಿ.' ಇದು ಓದುವಂಥದ್ದಲ್ಲ ಎಂದು ಗೊತ್ತಿದ್ದೂ ಓದಿದೆ. ಆಮೇಲೆ ವಿಡಿಯೋವನ್ನು ತಡೆತಡೆದು ನೋಡಿದೆ. ಕಾಕಾರ ಕೈ ಬಂದಾಗ ಅಬ್ಬಾರ ಕೆನ್ನೆ ಅಲುಗಿತು. ಗಾಳಿಗೆ ಕೆನ್ನೆ ಹಾಗೆ ಅಲುಗುವುದಿಲ್ಲ.

ಅಬ್ಬಾರ ಎಡಗಿವಿ ಕೆಂಪಾಗಿ ಬಾತಿತ್ತು. "ಕಿವಿಗೆ ಏನಾತ್ರಿ?" ಎಂದೆ.

"ಯಾವ ಕಿವಿಗಿ?"

"ಎಡಗಿವಿಗೆ."

ಅವರು ಬಲಗಿವಿ ಮುಟ್ಟಿಕೊಂಡು, "ಇದು ಚೊಲೋ ಐತಲ್ಲ" ಎಂದರು. ಮತ್ತೆ ಆಟ.

೨೬ ಜನವರಿ, ರವಿವಾರ

ಧ್ವಜ ಏರಿಸಿದ ಮೇಲೆ ಲಾಡು ಹಂಚುವಾಗ ಪ್ರಾಚಾರ್ಯರು, "ನಿಮ್ಮ ತಂದೆಯವರ ವಿಡಿಯೋ ಹಾಕಿದ್ರ ಮಾತ್ರ ನಮ್ಮ ಮೊಮ್ಮಗಳು ಉಣ್ತಾಳ ನೋಡ್ರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಧನ್ಯವಾದ ಎಂದೆ. ಲಾಡು ಕೈಯಲ್ಲೇ ಪುಡಿಯಾಯಿತು.

೨ ಫೆಬ್ರವರಿ, ರವಿವಾರ

ಆಲಮೇಲದಲ್ಲಿ ಶೂಟಿಂಗ್ ಇತ್ತು. ಹೇಳದೆ ಹೋದೆ.

ರೇವವ್ವ ಎಂಬವರ ಹಳೇ ವಾಡೆ. ಬಾಗಿಲು ನಿಜಕ್ಕೂ ಗಿಡ್ಡ, ನಾನೇ ಬಗ್ಗಬೇಕಾಗುತ್ತಿತ್ತು. ಬಾಗಿಲ ಮುಂದೆ ಕಂದು ರೆಕ್ಸಿನ್ನಿನ ದೊಡ್ಡ ಸೋಫಾ. ಓಣಿಯ ಮಂದಿಯೆಲ್ಲ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ. ಪೇಟ ಸುತ್ತಿ ಮೀಸೆ ಅಂಟಿಸಿಕೊಂಡ ಕಾಕಾ ಮತ್ತು ಸೋಫಾದ ಒಂದು ಕಾಲು ಹಿಡಿದು ನಿಂತ ಅಬ್ಬಾ. ನಾನು ಮಂದಿಯ ಹಿಂದೆ ನಿಂತೆ.

ಕಾಕಾ ಅಬ್ಬಾರ ಕಿವಿ ಹಿಂಡಿದರು. ಅಬ್ಬಾ ಗರ್ರನೆ ತಿರುಗಿದರು. ಕಪಾಳಕ್ಕೆ ಒಂದು ಬಿತ್ತು. ಅಬ್ಬಾ, "ಎಪ್ಪಾ, ಬಾಗಲಾ ದೊಡ್ಡದು ಮಾಡಸ್ರಿ, ಇಲ್ಲಂದ್ರ ಸೋಫಾಕ್ಕ ಉಪವಾಸ ಹಾಕ್ರಿ" ಎಂದರು. ಓಣಿ ನಕ್ಕಿತು. ನಾನು ಅಬ್ಬಾರ ಕೈಗಳನ್ನೇ ನೋಡುತ್ತಿದ್ದೆ. ಅವು ತಟ್ಟಲಿಲ್ಲ, ಸೋಫಾದ ಕಾಲಿನ ಮೇಲೇ ಇದ್ದವು. ಫೋನಿನಲ್ಲಿ ಕೇಳಿದ ಛಟೀರ್ ಸದ್ದು ಅರುಣಕುಮಾರ ಆಮೇಲೆ ಸೇರಿಸಿದ್ದು. ಇಲ್ಲಿ ಕೇಳಿದ್ದು ಬೇರೆ ಸದ್ದು, ಸಣ್ಣದು. ಮುದಿ ಕೆನ್ನೆಯ ಮೇಲೆ ಮುದಿ ಅಂಗೈ ಬಿದ್ದ ಸದ್ದು.

ಎರಡನೆಯದಕ್ಕೆ ನಾನು ಮಂದಿಯನ್ನು ದಾಟಿ ನಡುವೆ ಹೋಗಿಬಿಟ್ಟಿದ್ದೆ.

"ಮೇಡಮ್ಮರ, ಫ್ರೇಮಿನ್ಯಾಗ ಬಂದೀರಿ" ಎಂದ ಅರುಣಕುಮಾರ.

"ಕಾಕಾ, ಕೈ ತೆಗೀರಿ. ಇಷ್ಟ ವರ್ಷ ಹೊಡದದ್ದು ಸಾಲಲಿಲ್ಲೇನ್ರಿ ನಿಮಗ? ಖರೇ ಗೌಡ ಆದಂಗ ಅನಸ್ತೈತೇನು?"

ಕಾಕಾರ ಮನೆಯವರನ್ನು ಯಾವ ಗೌಡರೂ ಪಡಸಾಲೆ ಹತ್ತಗೊಡುತ್ತಿರಲಿಲ್ಲ. ಅದನ್ನು ತಿಳಿದೇ ಆ ಮಾತು ಆಡಿದೆ. ಬಾಯಿಗೆ ಬಂದದ್ದಲ್ಲ, ಹುಡುಕಿ ತೆಗೆದದ್ದು.

ಕಾಕಾ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮೈಮ್ಯಾಲ ಕೈ ಇಡದ ಮಾಡೋದಿದ್ರ ಮಾಡ್ರಿ" ಅಂದೆ. "ಇಲ್ಲಂದ್ರ ಈಗಲೇ ಕರಕೊಂಡು ಹೋಗ್ತೇನಿ."

"ಆತವ್ವ" ಎಂದರು ಕಾಕಾ. "ಮುಟ್ಟಂಗಿಲ್ಲ."

ಮತ್ತೆ ಶುರುವಾಯಿತು. ಕಾಕಾ ಕೈ ಎತ್ತಿ ಒಂದು ಗೇಣು ದೂರ ನಿಲ್ಲಿಸಿದರು. ಅಬ್ಬಾ ಆ ಕೈ ನೋಡಿದರು, ಕಾಯ್ದರು, ಏನೂ ಅನ್ನಲಿಲ್ಲ. ಕಾಕಾ ಮಾತನ್ನು ಮೆಲ್ಲಗೆ ಹೇಳಿಕೊಟ್ಟರು. ಅಬ್ಬಾ ತಲೆಯಾಡಿಸಿದರು, ಅನ್ನಲಿಲ್ಲ. ಅರುಣಕುಮಾರ ಇನ್ನೊಮ್ಮೆ, ಮತ್ತೊಮ್ಮೆ ಎನ್ನುತ್ತಲೇ ಇದ್ದ. ಕೊನೆಗೆ ಅಬ್ಬಾ ಸೋಫಾದ ಕಾಲು ಬಿಟ್ಟು, ಕಟ್ಟೆಯ ಮೇಲೆ ಕುಳಿತ ರೇವವ್ವನ ಹತ್ತಿರ ಹೋಗಿ, ಟೊಪ್ಪಿಗೆ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು:

"ಅವ್ವಾರ, ನಾ ಯಾರ ಮನಿಗಿ ಬಂದೇನ್ರಿ?"

ಓಣಿಗೆ ಓಣಿಯೇ ನಕ್ಕಿತು. ಇಡೀ ದಿನದಲ್ಲಿ ಅಂಥ ನಗೆ ಎದ್ದಿರಲಿಲ್ಲ. ನಾನೂ ನಕ್ಕೆ. ಮಂದಿ ನಗುವುದನ್ನು ಕಂಡು ಅಬ್ಬಾ ಖುಷಿಯಿಂದ ಇನ್ನೊಮ್ಮೆ ಕೇಳಿದರು. ಮಂದಿ ಇನ್ನೂ ಜೋರಾಗಿ ನಕ್ಕರು. ಕಾಕಾ ಒಬ್ಬರೇ ನಗಲಿಲ್ಲ. ಅವರ ಮುಖ ನೋಡಿ ನನ್ನ ನಗೆ ನಿಂತಿತು. ಅವರು ಹೋಗಿ ಅಬ್ಬಾರ ರಟ್ಟೆ ಹಿಡಿದು ಸೋಫಾದ ಮೇಲೆ ಕೂಡಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಬ್ಬಾ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ, "ಇವತ್ತ ಆಟ ಚೊಲೋ ಆತು" ಎಂದರು.

ದಣಿದಿದ್ದಾರೆ. ಬಿಸಿಲಿತ್ತು. ವಯಸ್ಸಾಗಿದೆ.

೩ ಫೆಬ್ರವರಿ, ಸೋಮವಾರ

ಕಾಕಾ ಚಹಾಕ್ಕೆ ಬರಲಿಲ್ಲ. ಮಗ್ರಿಬ್ ನಮಾಜು ಆಗಿ ಕತ್ತಲಾದರೂ ಅಬ್ಬಾ ಬರಲಿಲ್ಲವೆಂದು ಹುಡುಕಿಕೊಂಡು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕಲಬುರಗಿ ಬಸ್ಸಿನ ಪಕ್ಕ ನಿಂತಿದ್ದರು. "ಕಂಪನಿ ಲಾರಿ ಇನ್ನಾ ಬಂದಿಲ್ಲ" ಎಂದರು.

ಇದಕ್ಕೆ ನಗಲಿಲ್ಲ ನಾನು.

೧೦ ಫೆಬ್ರವರಿ, ಸೋಮವಾರ

ರಜೆ ಹಾಕಿ ವಿಜಯಪುರಕ್ಕೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕೇಳಿದರು: "ಅಜ್ಜಾ, ಇವತ್ತ ಯಾವ ವಾರ?"

"ನಿಮಗ ಫೀ ಕೊಡೋ ವಾರ್ರಿ" ಎಂದರು ಅಬ್ಬಾ.

ಡಾಕ್ಟರು ಜೋರಾಗಿ ನಕ್ಕರು. ಮತ್ತೆ ಕೇಳಿದರು. "ಮೊದಲ ನೀವು ಹೇಳ್ರಿ, ಕರೆಕ್ಟ್ ಐತೋ ಇಲ್ಲೋ ನಾ ಹೇಳ್ತೇನಿ" ಎಂದರು ಅಬ್ಬಾ. ಡಾಕ್ಟರು ಮತ್ತೂ ನಕ್ಕರು. "ಈಕಿ ಯಾರು?" ಎಂದು ನನ್ನನ್ನು ತೋರಿಸಿದರು. "ಬಿಲ್ ಕೊಡಾಕಿ" ಎಂದರು ಅಬ್ಬಾ. ಡಾಕ್ಟರು ನಗಲಿಲ್ಲ. ನನ್ನ ಕಡೆ ನೋಡಿದರು.

ಎಷ್ಟು ದಿನದಿಂದ ಹೀಗೆ, ಎಂದು ಕೇಳಿದರು. ಒಂದೇ ಮನೆಯಲ್ಲಿ ಇರುತ್ತೀರಾ, ಎಂದರು. ಹೌದು ಎಂದೆ.

ಪದ್ಯದ ಪುಸ್ತಕ ಚೀಲದಲ್ಲೇ ಇತ್ತು. ತಿರುಗಿ ಬರುವಾಗ ತೆಗೆಯಲಿಲ್ಲ.

೧೬ ಫೆಬ್ರವರಿ, ರವಿವಾರ

ಎಪಿಎಂಸಿ ಹಿಂದಿನ ಓಣಿಗೆ, ಕಾಕಾರ ಮನೆಗೆ ಹೋದೆ. ಅವರ ಹೆಂಡತಿ ದುರ್ಗವ್ವ ಕಾಕಿ ಹೊರಗೆ ಕುಳಿತು ತೊಗರಿ ಕೇರುತ್ತಿದ್ದರು. ಮೊರ ಕೆಳಗಿಡದೆ ಕೇಳಿದರು:

"ಬೈಯಾಕ ಬಂದಿಯೋ, ಮಾಪಿ ಕೇಳಾಕ ಬಂದಿಯೋ? ಬೈಯೋದಿದ್ರ ಅಲ್ಲೇ ನಿಂತು ಬೈ. ಮಾಪಿ ಆದ್ರ ಒಳಗ ಬಾ, ಚಹಾ ಇಡ್ತೇನಿ."

ನಾನು ನಿಂತೇ ಇದ್ದೆ. ಅವರು ಎದ್ದು ಹೋಗಿ ಚಹಾ ಇಟ್ಟರು.

"ಎರಡ ವರ್ಷ ಆಗಾಕ ಬಂತು" ಎಂದರು ಒಲೆಯ ಮುಂದಿನಿಂದ. "ನಿಮ್ಮಪ್ಪ ಒಂದಿನಾ ಮಸೂತಿಯಿಂದ ಹೊಂಟಾಂವ ನಿಮ್ಮ ಓಣಿ ಬಿಟ್ಟು ಇಲ್ಲಿ ಬಂದು ನಿಂತಿದ್ದ. ಅವತ್ತಿಂದ ಇಂವಾ ದಿನಾ ಮಸೂತಿ ಮುಂದ ಹೋಗಿ ಕೂಡ್ತಿದ್ದ. ನಿಮ್ಮಪ್ಪನ್ನ ಕರಕೊಂಡು ನಿಮ್ಮ ಮನಿ ಮುಟ್ಟಸಾಂವ, ಮ್ಯಾಲ ಚಹಾಕ್ಕ ಬಂದಾವರಂಗ ಕೂಡಾಂವ. ನೀ ಮಾಡೂ ಚಹಾ ಅವಗ ಸೇರಂಗಿಲ್ಲ. ಸಕ್ಕರಿ ಕಮ್ಮಿ."

"ನನಗ ಒಂದ್ ಮಾತು ಹೇಳಬಾರದಿತ್ತೇನ್ರಿ ಕಾಕಿ?"

"ಹೇಳಬ್ಯಾಡ ಅಂದಾಂವ ನಿಮ್ಮಪ್ಪನ. ನೆಪ್ಪಿದ್ದಾಗ ಆಣಿ ಮಾಡಸ್ಯಾನ. ಮಗಳು ಓದಿದಾಕಿ, ಮೊದಲ ನನ್ನ ಆಟಕ್ಕ ನಾಚ್ಕೊಂಡಾಳ, ಇದಕ್ಕೂ ನಾಚ್ಕೋಳೋದು ಬ್ಯಾಡ ಅಂದ."

ಚಹಾ ಕುಡಿದೆ. ಬಹಳ ಸಿಹಿ ಇತ್ತು.

ಕಾಕಾ ಬಂದರು. ನನ್ನನ್ನು ನೋಡಿ, ಕೈ ತೊಳೆದು ಊಟಕ್ಕೆ ಕುಳಿತರು. ಕಾಕಿ ರೊಟ್ಟಿ ಚೂರು ಮಾಡಿ ಸಾರಿನಲ್ಲಿ ಹಾಕಿ ಚಮಚ ಕೊಟ್ಟರು. ರೊಟ್ಟಿಯನ್ನು ಚಮಚದಲ್ಲಿ ಉಣ್ಣುವವರನ್ನು ನಾನು ನೋಡಿದ್ದಿಲ್ಲ. ಕೈಗೆ ಏನಾಗಿದೆ ಎಂದು ಕೇಳಿದೆ.

"ಏನೂ ಆಗಿಲ್ಲ" ಎಂದರು ಕಾಕಿ. "ಆಲಮೇಲದಿಂದ ಬಂದಾಗಿಂದ ಹೊಡದ ಕೈಲೆ ಉಣ್ಣಂಗಿಲ್ಲಂತ. ಚಮಚಾ ಬೇಕಂತ ಸಾಹೇಬಗ."

"ಸುಮ್ಕಿರ" ಎಂದರು ಕಾಕಾ.

ಆಮೇಲೆ ಅವರೇ ಮಾತಾಡಿದರು, ತಟ್ಟೆ ನೋಡುತ್ತ. "ಟೆಂಟಿನ್ಯಾಗ ಮಂದಿ ಕೂಗಾಕತ್ತಿದ್ರ ಒಬ್ಬರ ಮಾತು ಒಬ್ಬರಿಗಿ ಕೇಳ್ತಿರಲಿಲ್ಲವ್ವ. ಅದಕ್ಕ ಕೈಲೆ ಹೇಳ್ತಿದ್ದೆ. ಕಪಾಳಕ್ಕಂದ್ರ ಮಾತು ಅನ್ನು. ಕಿವಿ ಅಂದ್ರ ತಿರುಗು. ಕುತ್ತಿಗಿ ಹಿಂದಂದ್ರ ಮುಂದ ನಡಿ. ಆವಾಗ ಮುಟ್ಟೋದ ಬೇಕಿರಲಿಲ್ಲ. ಕೈ ಬರೋ ಗಾಳಿಗೇ ತಿಳಿತಿತ್ತು ಅವಗ. ಈಗ ಮುಟ್ಟಬೇಕಾಗೈತಿ. ಒಮ್ಮೊಮ್ಮೆ ನೋಯಬೇಕಾಗೈತಿ."

ಸಿನಿಮಾ ಯಾಕೆ ಬೇಕಿತ್ತು ಎಂದೆ.

"ಎಲ್ಲಾ ಹೋದ ಮ್ಯಾಲೂ ಚಿಮಣ್ಯಾ ಉಳದಾನ ಅವನ ಒಳಗ. ಅವನೂ ಹೋಗೋದರಾಗ ಒಂದ ಕಡೆ ಇಟ್ಟಬಿಡೂಣ ಅಂತ ಅರುಣಕುಮಾರನ ಕಾಲು ಹಿಡದೆ."

ಗೌಡ ಎಂದು ನಾನು ಆಡಿದ ಮಾತಿಗೆ ಮಾಪಿ ಕೇಳಬೇಕೆಂದೇ ಹೋಗಿದ್ದೆ. "ಮುಗಸ್ರಿ ಕಾಕಾ, ರಮಜಾನ ಬರೋದರಾಗ" ಎಂದಷ್ಟೇ ಅಂದೆ.

"ನೀ ಎದುರ ನಿಂದ್ರತಿ?"

"ನಿಂದ್ರತೇನ್ರಿ."

"ಮುಖಾ ಹೊಳ್ಳಿಸಬಾರದು ಮತ್ತ."

೨೩ ಫೆಬ್ರವರಿ, ರವಿವಾರ

ನಿಂತೆ. ಆಲಮೇಲದ ಅದೇ ವಾಡೆಯ ಮುಂದೆ, ಕ್ಯಾಮೆರಾದ ಪಕ್ಕದಲ್ಲೇ.

ಪ್ರತಿ ಹೊಡೆತಕ್ಕೂ ಅಬ್ಬಾರ ಕಣ್ಣಿಗೆ ಬೆಳಕು ಬರುತ್ತಿತ್ತು, ಮಾತು ಹಿಂದೆಯೇ ಬರುತ್ತಿತ್ತು. ಹೊಡೆತಗಳ ನಡುವೆ ಅವರು ಎಲ್ಲಿಯೂ ಇರುತ್ತಿರಲಿಲ್ಲ. ಅರುಣಕುಮಾರ ಕಟ್ ಎಂದಾಗಲೆಲ್ಲ ಕಾಕಾ ಕಿಸೆಯಿಂದ ಕೊಬ್ಬರಿ ಎಣ್ಣೆಯ ಶೀಷೆ ತೆಗೆದು ಅಬ್ಬಾರ ಕಿವಿಗೆ ಹಚ್ಚುತ್ತಿದ್ದರು. ಮುಖ ತಿರುಗಿಸಲಿಲ್ಲ ನಾನು. ಆದರೆ ಒಂದೆರಡು ಸಲ ಕಣ್ಣು ಮುಚ್ಚಿದೆ.

ಕೊನೆಯ ಶಾಟು. ಸೋಫಾ ಒಳಗೆ ಹೋಗುವುದಿಲ್ಲವೆಂದು ಸೋತು ಗೌಡ 'ನೀ ಒಳಗ ಹೋಗಿ ಸಾಯಿ' ಅಂತ ಚಿಮಣ್ಯಾನ ಕುತ್ತಿಗೆಯ ಹಿಂದೆ ಹೊಡೆಯಬೇಕು. ಚಿಮಣ್ಯಾ ಒಳಗೆ ಹೋಗಬೇಕು. ಗೌಡ ಬೀದಿಯಲ್ಲೇ ಸೋಫಾದ ಮೇಲೆ ಕೂಡಬೇಕು. ಬರೆದದ್ದು ಇಷ್ಟು.

ಕಾಕಾ ಹೊಡೆದರು. ಅಬ್ಬಾ ಬಾಗಿಲವರೆಗೆ ಹೋದರು, ನಿಂತರು, ತಿರುಗಿ ಬಂದರು. ಕಾಕಾರ ಎದುರು ನಿಂತು ಅವರ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈ ಎತ್ತಿ ಕಾಕಾರ ಕಪಾಳಕ್ಕೆ ಬೀಸಿದರು. ಚಿಮಣ್ಯಾ ಗೌಡನಿಗೆ! ಕೈ ಮುಟ್ಟಲಿಲ್ಲ, ಗಾಳಿಯಲ್ಲಿ ಹಾಯಿತು. ಆದರೆ ಛಟೀರ್ ಎಂಬ ಸದ್ದು ಓಣಿಗೆಲ್ಲ ಕೇಳಿತು. ಕಾಕಾರ ಎರಡೂ ಕೈ ಸೊಂಟದ ಹತ್ತಿರ ಕೂಡಿದ್ದನ್ನು ನಾನು ನೋಡಿದೆ. ಅವರು ಪೇಟದ ಸಮೇತ ಹಿಂದಕ್ಕೆ ಉರುಳಿ ಸೋಫಾದ ಮೇಲೆ ಬಿದ್ದರು. ಕಾಲು ಮೇಲಾದವು.

ಮಾಳಿಗೆಯ ಮೇಲಿನವರು ನಕ್ಕು ನಕ್ಕು ಕುಳಿತುಬಿಟ್ಟರು. ಅರುಣಕುಮಾರ ಕಟ್ ಎನ್ನುವುದನ್ನೇ ಮರೆತ.

"ಏನಲೇ ಇದು, ಆಟದಾಗ ಎಲ್ಲಿತ್ತೋ?" ಎಂದರು ಕಾಕಾ, ಬಿದ್ದಲ್ಲಿಂದಲೇ.

"ಎಷ್ಟ ವರ್ಷದ ಬಾಕಿ ಐತಲೇ ಶಂಕ್ರ್ಯಾ" ಎಂದರು ಅಬ್ಬಾ. ಹೆಸರು ಹಿಡಿದು.

ಕಾಕಾ ಏಳಲು ತಡಮಾಡಿದರು. ಪೇಟದಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಹೋಗಿ ಕೈ ಕೊಟ್ಟೆ. ಅವರು ಬಲಗೈ ಚಾಚಿ ಹಿಡಿದು ಎದ್ದರು.

ಮಾಪಿಯ ಮಾತು ಇವತ್ತೂ ಬರಲಿಲ್ಲ.

೧ ಮಾರ್ಚ್, ಶನಿವಾರ

'ಗೌಡರ ಸೋಫಾ' ಪೂರ್ತಿ ಬಂತು. ಮಂದಿ ಬಹಳ ನೋಡುತ್ತಿದ್ದಾರೆ. ಎಲ್ಲರೂ ಹೊಗಳಿದ್ದು ಕೊನೆಯ ಶಾಟನ್ನೇ. ಒಬ್ಬರು ಮಾತ್ರ ಬರೆದಿದ್ದಾರೆ: 'ಈ ವಯಸ್ಸಿನ್ಯಾಗ ಹೊಡಸ್ಕೊಂಡು ಬದುಕಬೇಕಾ? ಅಜ್ಜಗ ಮಕ್ಕಳಿಲ್ಲೇನ್ರಿ?'

ಇದ್ದಾಳೆ ಎಂದು ಬರೆದೆ. ಅಳಿಸಿದೆ.

ನಾಳೆಯಿಂದ ರಮಜಾನಿನ ರೋಜಾ, ಉಪವಾಸ.

೧೩ ಮಾರ್ಚ್, ಗುರುವಾರ

ಅಬ್ಬಾ ಬಚ್ಚಲ ಮನೆಯ ಹೊಸ್ತಿಲಲ್ಲಿ ಟವೆಲ್ ಹಿಡಿದು ನಿಂತುಬಿಟ್ಟಿದ್ದರು. ಒಳಗೆ ಹೋಗ್ರಿ ಎಂದೆ, ನೀರು ಆರುತ್ತದೆ ಎಂದೆ, ಕೈ ಹಿಡಿದು ಎಳೆದೆ. ಹೊಸ್ತಿಲು ಹೊಳೆಯೇನೋ ಎಂಬಂತೆ ನಿಂತಿದ್ದರು. ಕಾಲೇಜಿಗೆ ಹೊತ್ತಾಗುತ್ತಿತ್ತು.

ಮುಂಬಾಗಿಲು ಹಾಕಿ ಬಂದೆ, ಕಿಟಕಿಯನ್ನೂ ಮುಚ್ಚಿದೆ. ಆಮೇಲೆ ಅವರ ಕುತ್ತಿಗೆಯ ಹಿಂದೆ ಹೊಡೆದೆ. ಮೊದಲನೆಯದು ಮುಟ್ಟಿದಂತಾಯಿತು ಅಷ್ಟೇ, ಏನೂ ಆಗಲಿಲ್ಲ. ಎರಡನೆಯದು ಸರಿಯಾಗಿ ಬಿತ್ತು. "ಹೊಂಟೆರಿ ಗೌಡ್ರ" ಎಂದು ಸೊಂಟ ಕುಣಿಸುತ್ತ ಒಳಗೆ ಹೋದರು. ಸ್ನಾನದ ತುಂಬ ಹಾಡು.

ಕಾಲೇಜಿನಲ್ಲಿ ಚಾಕ್ ಹಿಡಿದಾಗಲೂ ಅಂಗೈ ಬಿಸಿ ಇತ್ತು.

೩೦ ಮಾರ್ಚ್, ರವಿವಾರ

ಬಸವನ ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಈದಿಗೆ ತಬ್ರೇಜನ ಮನೆಗೆ ಹೊರಟಿದ್ದೇವೆ. ಮುದ್ದೇಬಿಹಾಳದ ಬಸ್ಸು ಇನ್ನೂ ಬಂದಿಲ್ಲ. ಅಬ್ಬಾರಿಗೆ ಈ ಸಲ ರೋಜಾ ಇಲ್ಲ, ಪಕ್ಕದಲ್ಲಿ ಬಾಳೆಹಣ್ಣು ತಿನ್ನುತ್ತಿದ್ದಾರೆ.

ಬೆಳಿಗ್ಗೆ ಸಿಂದಗಿ ಬಸ್ ಸ್ಟ್ಯಾಂಡು ಯುಗಾದಿಯ ಮಂದಿಯಿಂದ ತುಂಬಿತ್ತು. ಕಾಕಾ ನಮ್ಮನ್ನು ಅಲ್ಲಿಯವರೆಗೆ ಮುಟ್ಟಿಸಿ, ಮನೆಯಲ್ಲಿ ಹೋಳಿಗೆ ಕಾಯುತ್ತಿದೆ ಎಂದು ಹೋದರು. ಬಸ್ಸು ಬಂದು ನಿಂತಿತು. ಅಬ್ಬಾ ಕಂಬಿ ಹಿಡಿದು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಅಲ್ಲೇ ನಿಂತರು. ಹಿಂದಿನವರು ನೂಕತೊಡಗಿದರು. "ಏ ಅಜ್ಜ, ಹತ್ತೋ ಇಲ್ಲಾ ಇಳಿಯೋ." "ಯಾರ್ರೀ ಇವರ ಕಡಿ ಮಂದಿ?" ಕಂಡಕ್ಟರು ಸೀಟಿ ಊದಿದ. ನಾನು, ಹತ್ತ್ರಿ ಅಬ್ಬಾ ಅಂದೆ. ಅವರು ತಿರುಗಿ ನನ್ನನ್ನು ನೋಡಿದರು, ಟಿಕೆಟ್ ಕೇಳಿದವರನ್ನು ನೋಡುವ ಹಾಗೆ.

ಚೀಲ ಎಡಗೈಗೆ ತೆಗೆದುಕೊಂಡು ಕುತ್ತಿಗೆಯ ಹಿಂದೆ ಬೀಸಿ ಹೊಡೆದೆ. ಸಣ್ಣದಾಗಿ ಹೊಡೆದರೆ ನಡೆಯುವುದಿಲ್ಲ.

"ಹೊಂಟೆರಿ ಗೌಡ್ರ!" ಎಂದು ಅಬ್ಬಾ ಹತ್ತಿದರು.

ಯಾರೋ ಫೋನು ಎತ್ತಿದ್ದನ್ನು ಕಂಡೆ. ಕಾಲೇಜಿನ ಹುಡುಗಿಯರಿಬ್ಬರು ಕಿಟಕಿಯ ಪಕ್ಕ ಕುಳಿತಿದ್ದರು, ನನ್ನನ್ನು ನೋಡಿ ತಲೆ ತಗ್ಗಿಸಿದರು. ಮುಂದಿನ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸು ಬಾಯಿಬಿಟ್ಟೇ ಅಂದಳು:

"ಹಡದಪ್ಪಗ ಹೊಡಿತಿಯಲ್ಲವ್ವ! ನೋಡಿದ್ರ ಸಾಲಿ ಕಲತಾಕಿ ಕಂಡಂಗ ಕಾಣ್ತಿ."

"ಹೌದ್ರಿ" ಅಂದೆ. "ಬುಟ್ಟಿ ಸ್ವಲ್ಪ ಸರಸ್ರಿ, ಅವರು ಕೂಡಬೇಕು."

ಅವಳು ಬುಟ್ಟಿ ಸರಿಸಿದಳು. ಹಿಪ್ಪರಗಿ ದಾಟುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದಳು. ರೋಜಾದ ಬಾಯಿ ಒಣಗಿತ್ತು.

ಮುದ್ದೇಬಿಹಾಳದ ಬಸ್ಸು ತಿರುವಿನಲ್ಲಿ ಕಾಣಿಸಿತು. ಸಿಂದಗಿಗಿಂತ ಇಲ್ಲಿ ಮಂದಿ ಹೆಚ್ಚಿದ್ದಾರೆ. ಪೆನ್ನು ಒಳಗಿಡುತ್ತೇನೆ. ಬಲಗೈ ಖಾಲಿ ಇರಬೇಕು.